ರಾತ್ರಿ ಹತ್ತರ ಮೇಲಿನ ಸದ್ದು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



"ನಿನ್ನ ಕೆಲಸ ಏನು ಅಂತ ಮಕ್ಕಳಿಗೆ ತಿಳಿಯುವ ಹಾಗೆ ಹೇಳು, ಜಾಸ್ತಿ ಎಳೀಬೇಡ" ಎಂದು ಮೇಷ್ಟ್ರು ಅಪ್ಪಣೆ ಮಾಡಿದ್ದಾರೆ. ಬಿ.ಇ. ಮುಗಿಸಿ ನಾನು ಸಾಫ್ಟ್‌ವೇರ್ ಎಂಜಿನಿಯರ್ ಆದೆ. ಆದರೆ ನಾನು ಬರೆಯುವ ಪ್ರೋಗ್ರಾಂ ಮೊಬೈಲಿನಲ್ಲಿ ಓಡುವುದಲ್ಲ. ದೊಡ್ಡ ಬ್ಯಾಟರಿಗಳನ್ನು ತಣ್ಣಗಿಡುವ ಫ್ಯಾನುಗಳಿಗೆ ಯಾವಾಗ ತಿರುಗಬೇಕು, ಎಷ್ಟು ಜೋರಾಗಿ ತಿರುಗಬೇಕು ಎಂದು ಹೇಳುವುದು.

ಪಾವಗಡದ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಆದರೆ ನಾವು ಲೈಟು ಹಾಕುವ ಹೊತ್ತಿಗೆ ಸೂರ್ಯ ಇರುವುದಿಲ್ಲ. ಮಧ್ಯಾಹ್ನದ ಕರೆಂಟನ್ನು ಸಂಜೆಗೆ ಎತ್ತಿಡಲು ಬ್ಯಾಟರಿ ಬೇಕು. ದೆಹಲಿಯ ಕಿಲೋಕರಿಯಲ್ಲಿ 2025ರಲ್ಲಿ ಶುರುವಾದ ಇಂಥ ಕೇಂದ್ರ 20 ಮೆಗಾವಾಟನ್ನು ಎರಡು ಗಂಟೆ ಕೊಡಬಲ್ಲದು. ಲಾರಿ ಮೇಲೆ ಬರುವ ಕಂಟೇನರುಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ ಇರುತ್ತವೆ ಇವು. ಲಿಥಿಯಂ ಬ್ಯಾಟರಿಗೂ ನಮ್ಮ ಹಾಗೇ ಸುಮಾರು 25 ಡಿಗ್ರಿ ಹಿತ. ಬಿಸಿ ಏರಿದರೆ ಆಯಸ್ಸು ಕಡಿಮೆ, ತೀರಾ ಏರಿದರೆ ಬೆಂಕಿಯ ಭಯ. ಅದಕ್ಕೇ ಫ್ಯಾನು, ಕಂಪ್ರೆಸರು.

ಒಮ್ಮೆ ಬಯಲುಸೀಮೆಯ ಒಂದು ಊರಿನಿಂದ ದೂರು ಬಂತು. ಹಗಲು ಹೋಗಿ ಅಳೆದೆವು, ಸದ್ದು ನಿಯಮದೊಳಗೇ ಇತ್ತು. ವರದಿ ಬರೆದು ವಾಪಸ್ ಹೊರಟಿದ್ದೆ. ಪಕ್ಕದ ಮನೆಯ ಅಜ್ಜಿ, "ಬೆಳಗ್ಗೆ ಬಂದು ಏನ್ ಕೇಳ್ತೀಯಪ್ಪ, ರಾತ್ರಿ ಮಲಗಿ ನೋಡು" ಎಂದರು. ಅವರ ಜಗಲಿಯಲ್ಲೇ ಮಲಗಿದೆ.

ಸಂಜೆಯೆಲ್ಲ ಕರೆಂಟು ಕೊಟ್ಟು ಬ್ಯಾಟರಿ ಕಾದಿರುತ್ತದೆ. ಊರು ಮಲಗುವ ಹೊತ್ತಿಗೆ ಸರಿಯಾಗಿ ಫ್ಯಾನುಗಳೆಲ್ಲ ಒಟ್ಟಿಗೆ ಎದ್ದವು. ಸ್ವಲ್ಪ ಹೊತ್ತಿಗೆ ನಿಂತವು. ಕಣ್ಣು ಹತ್ತುವಷ್ಟರಲ್ಲಿ ಮತ್ತೆ ಎದ್ದವು. ಬೆಳಗಿನವರೆಗೂ ಇದೇ. ಬಿಸಿ ಇಷ್ಟು ದಾಟಿದರೆ ಪೂರ್ತಿ ವೇಗ, ಇಳಿದರೆ ಬಂದ್ ಎಂದು ಬರೆದವನು ನಾನೇ! ಬೆಂಗಳೂರಿನ ಎ.ಸಿ. ಕೋಣೆಯಲ್ಲಿ ಕೂತು ಬರೆದಾಗ ಅದು ನಾಲ್ಕು ಸಾಲು. ಅಜ್ಜಿಗೆ ಆಗ ಹೇಳಲಿಲ್ಲ, ನಾಚಿಕೆಯಾಯಿತು.

ನಮ್ಮ ಬದನವಾಳಿನ ಖಾದಿ ಕೇಂದ್ರದ ಮಗ್ಗಗಳ ಸದ್ದು ಕೇಳಿಯೇ ಬೆಳೆದವನು ನಾನು. ಅದು ಎಂದೂ ಕಾಡಲಿಲ್ಲ, ಏಕೆಂದರೆ ಸಂಜೆ ಮಗ್ಗ ನಿಲ್ಲುತ್ತಿತ್ತು. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲೂ ಇದೇ ವಿವೇಕ ಇದೆ. ಜನವಸತಿಯಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ನಾವು ಹಗಲಿನ ಅಂಕಿ ಹಿಡಿದುಕೊಂಡು ಹೊರಟಿದ್ದೆವು. (ನಿಶ್ಶಬ್ದ ವಲಯದಲ್ಲಿ ಹಗಲಿಗೆ 50 ಅಷ್ಟೇ. ಈ ಮೈಕಿನವರು ನನ್ನನ್ನು ಕ್ಷಮಿಸಬೇಕು.)

ಮಕ್ಕಳೇ, ಈಗ ನಿಮ್ಮ ಗಣಿತ. ಒಂದು ಫ್ಯಾನು ಪೂರ್ತಿ ವೇಗದಲ್ಲಿ ಕೊಡುವ ಗಾಳಿಯನ್ನು ಎರಡು ಫ್ಯಾನುಗಳು ಅರ್ಧ ವೇಗದಲ್ಲಿ ಕೊಡುತ್ತವೆ. ಫ್ಯಾನು ತಿನ್ನುವ ಕರೆಂಟು ವೇಗದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ಅರ್ಧ ವೇಗಕ್ಕೆ ಎಂಟನೇ ಒಂದು ಪಾಲು, ಎರಡಕ್ಕೂ ಸೇರಿ ಕಾಲು ಪಾಲು. ಸದ್ದು ಸುಮಾರು 12 ಡೆಸಿಬಲ್ ಇಳಿಯುತ್ತದೆ. ಹತ್ತು ಇಳಿದರೇ ಕಿವಿಗೆ ಅರ್ಧವಾದ ಹಾಗೆ.

ಆಮೇಲೆ ಪ್ರೋಗ್ರಾಂ ತಿದ್ದಿದೆ. ಮಧ್ಯಾಹ್ನವೇ ಬ್ಯಾಟರಿಯನ್ನು ಕೆಲವು ಡಿಗ್ರಿ ಹೆಚ್ಚು ತಣಿಸಿಡುವುದು, ರಾತ್ರಿ ಎಲ್ಲ ಫ್ಯಾನುಗಳೂ ನಿಲ್ಲದೆ ನಿಧಾನವಾಗಿ ತಿರುಗುವುದು. ಹೊಸ ಯಂತ್ರ ಒಂದೂ ತರಲಿಲ್ಲ. ಮುಂದಿನ ಸಲ ಹೋದಾಗ ಅಜ್ಜಿಗೆ ತಪ್ಪು ಒಪ್ಪಿಕೊಂಡೆ. "ಓದಿದ ಹುಡುಗ, ಒಂದ್ ರಾತ್ರಿ ಮೊದಲೇ ಬಂದಿದ್ರೆ ಆಗ್ತಿತ್ತಲ್ಲ" ಎಂದು ಕಾಫಿ ಕೊಟ್ಟರು.

ಪೂರ್ತಿ ಗೆದ್ದೆ ಎಂದು ಹೇಳಲಾರೆ. ಏಪ್ರಿಲ್ ಸೆಕೆಯ ರಾತ್ರಿಗಳಲ್ಲಿ ನಿಧಾನದ ಗಾಳಿ ಸಾಲದೆ ಫ್ಯಾನುಗಳು ಈಗಲೂ ಜೋರಾಗುತ್ತವೆ. ಆಗ ಅಜ್ಜಿ ಚಾಪೆ ಎತ್ತಿಕೊಂಡು ಹಿತ್ತಲ ಕಡೆಗೆ ಹೋಗುತ್ತಾರೆ. ಸದ್ದು ತಡೆಯಲು ಗೋಡೆ ಕಟ್ಟಬೇಕೆಂದು ನಾನು ಬರೆದ ಕಾಗದ ಇನ್ನೂ ಮೇಜಿಂದ ಮೇಜಿಗೆ ಓಡಾಡುತ್ತಿದೆ.