ಟಾಮ್ ಹಿಡಿಯದ ಚಾವಟಿ



ಅಮೆರಿಕದಲ್ಲಿರುವವರು ‘ಅಂಕಲ್ ಟಾಮ್’ ಎಂಬ ಬೈಗುಳ ಕೇಳಿರುತ್ತೀರಿ. ಬಿಳಿಯರೆದುರು ಹಲ್ಲುಗಿಂಜುವ ಕಪ್ಪು ಮನುಷ್ಯ ಎಂದು ಅದರ ಅರ್ಥ. ಹೆಸರು ಬಂದದ್ದು ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯಿಂದ. 1852ರಲ್ಲಿ ಪುಸ್ತಕವಾಗಿ ಬಂದ ಅದು ಮೊದಲ ವರ್ಷವೇ ಅಮೆರಿಕದಲ್ಲಿ ಸುಮಾರು 3 ಲಕ್ಷ ಪ್ರತಿ ಮಾರಾಟವಾಯಿತು. ಆದರೆ ಬೈಗುಳದಲ್ಲಿರುವ ಆ ಕುಗ್ಗಿದ ಮುದುಕನನ್ನು ಮಾಡಿದ್ದು ಬಹುಮಟ್ಟಿಗೆ ನಾಟಕ ಕಂಪನಿಗಳು. ಪುಸ್ತಕದ ಟಾಮ್ ಅಗಲ ಎದೆಯ ಗಟ್ಟಿಮುಟ್ಟಾದ ಆಳು, ಇನ್ನೂ ಪುಟ್ಟ ಮಕ್ಕಳ ತಂದೆ.

ಅವನನ್ನು ಕೊನೆಗೆ ಕೊಳ್ಳುವವನು ಲೂಸಿಯಾನದ ರೆಡ್ ರಿವರ್ ಕಡೆಯ ಹತ್ತಿ ತೋಟದ ಯಜಮಾನ ಲೆಗ್ರೀ. ಒಂದು ಸಂಜೆ ಹತ್ತಿ ಬುಟ್ಟಿಗಳ ತೂಕ ನಡೆಯುತ್ತದೆ. ಲೂಸಿ ಎಂಬ ನಿತ್ರಾಣ ಹೆಂಗಸಿನ ಚೀಲಕ್ಕೆ ಟಾಮ್ ಹಗಲಲ್ಲೇ ತನ್ನ ಹತ್ತಿ ಹಾಕಿದ್ದಾನೆ. ತೂಕ ಸರಿಯಾಗಿದೆ. ಅದು ಲೆಗ್ರೀಗೂ ಕಾಣುತ್ತದೆ. ಆದರೂ ಕಡಿಮೆ ಬಂತೆಂದು ಗದರಿಸಿ, ಅವಳಿಗೆ ಚಾವಟಿಯಲ್ಲಿ ಹೊಡೆಯಲು ಟಾಮ್‌ಗೇ ಹೇಳುತ್ತಾನೆ. ಟಾಮ್ ಒಲ್ಲೆ ಎನ್ನುತ್ತಾನೆ. ತಾನೇ ಏಟು ತಿನ್ನುತ್ತಾನೆ. ಇವನನ್ನೇ ನಾವು ಗುಲಾಮಿ ಬುದ್ಧಿಗೆ ಉದಾಹರಣೆ ಮಾಡಿಕೊಂಡೆವಲ್ಲ!

ಸ್ಟೋವ್ ಅವರು ದಕ್ಷಿಣದ ತೋಟಗಳಲ್ಲಿ ಬದುಕಿದವರಲ್ಲ. ಓಹಾಯೋದ ಸಿನ್ಸಿನಾಟಿಯಲ್ಲಿದ್ದರು, ನದಿ ದಾಟಿದರೆ ಗುಲಾಮಗಿರಿಯ ಕೆಂಟಕಿ. ಹಾಗಾಗಿ ಇದೆಲ್ಲ ಕಟ್ಟುಕಥೆ ಎಂದು ದಕ್ಷಿಣದವರು ಹೀಗಳೆದರು. ಅದೇ ರೆಡ್ ರಿವರ್ ಸೀಮೆಯಿಂದ ಒಬ್ಬ ಸಾಕ್ಷಿ ಬಂದ. ಸಾಲೊಮನ್ ನಾರ್ತಪ್, ನ್ಯೂಯಾರ್ಕ್ ರಾಜ್ಯದ ಸ್ವತಂತ್ರ ನಾಗರಿಕ. 1841ರಲ್ಲಿ ಅವನನ್ನು ಅಪಹರಿಸಿ ಮಾರಿದ್ದರು, ಬಿಡುಗಡೆಯಾದದ್ದು 1853ರಲ್ಲಿ. ಅದೇ ವರ್ಷ ತನ್ನ ಆತ್ಮಕಥೆ ‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’ ಪ್ರಕಟಿಸಿ ಸ್ಟೋವ್ ಅವರಿಗೇ ಅರ್ಪಿಸಿದ.

ತಕ್ಕಡಿ ಅವನ ಪುಸ್ತಕದಲ್ಲೂ ಇದೆ. ದಿನಕ್ಕೆ 200 ಪೌಂಡ್, ಅಂದರೆ 90 ಕಿಲೋ ಹತ್ತಿ ಬಿಡಿಸಬೇಕು. ಕಡಿಮೆಯಾದರೆ ಚಾವಟಿ. ಹೆಚ್ಚು ಬಿಡಿಸಿದರೆ ನಾಳೆಯಿಂದ ಅಷ್ಟೂ ಲೆಕ್ಕಕ್ಕೆ ಸೇರಿತು. ಹಾಗಾಗಿ ಬುಟ್ಟಿ ತುಂಬಿದ್ದರೂ ತಕ್ಕಡಿಯತ್ತ ಹೋಗುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಪ್ಯಾಟ್ಸಿ ಎಂಬ ಹುಡುಗಿ ದಿನಕ್ಕೆ 500 ಪೌಂಡ್ ಬಿಡಿಸುತ್ತಿದ್ದಳು. ಅವಳಿಗೂ ಏಟು ತಪ್ಪಲಿಲ್ಲ.

ಕಾದಂಬರಿ ಮತ್ತು ಬದುಕು ಬೇರೆಯಾಗುವುದು ಇಲ್ಲೇ. ಯಜಮಾನ ಎಪ್ಸ್ ಪ್ಯಾಟ್ಸಿಯನ್ನು ನೆಲಕ್ಕೆ ಕಟ್ಟಿಸಿ ನಾರ್ತಪ್ ಕೈಗೆ ಚಾವಟಿ ಕೊಟ್ಟ. ನಾರ್ತಪ್ ಹೊಡೆದ. 30 ಏಟು, ಆಮೇಲೆ ಮತ್ತಷ್ಟು. ಕೊನೆಗೆ ಇನ್ನು ಆಗದೆಂದು ಚಾವಟಿ ಎಸೆದಾಗ ಎಪ್ಸ್ ತಾನೇ ಎತ್ತಿಕೊಂಡ. ಟಾಮ್‌ನಂತೆ ಮೊದಲೇ ಒಲ್ಲೆ ಎಂದಿದ್ದರೆ ನಾರ್ತಪ್ ಬದುಕಿ ಬಂದು ಇದನ್ನು ಬರೆಯುತ್ತಿದ್ದನೋ ಇಲ್ಲವೋ. ಅದನ್ನು ಮುಚ್ಚಿಡದೆ ಬರೆದ, ನನಗೆ ಅದು ದೊಡ್ಡದು.

ಪ್ಯಾಟ್ಸಿ ಮಾಡಿದ್ದಿಷ್ಟೇ: ಯಜಮಾನಿತಿ ಸೋಪು ಕೊಡುತ್ತಿರಲಿಲ್ಲ, ಅದನ್ನು ತರಲು ಪಕ್ಕದ ತೋಟಕ್ಕೆ ಹೋಗಿ ಬಂದಿದ್ದಳು.