ಜಾಲಿ ಇದ್ದಿಲು: ಲೆಕ್ಕ ಮೊದಲು, ಬೆಂಕಿ ಆಮೇಲೆ

ಕೋಡ್ಲಾ, ಸೇಡಂ ಕಡೆ ಪಾಳು ಹೊಲದಾಗಿನ ಬಳ್ಳಾರಿ ಜಾಲಿ ಸುಟ್ಟು ಇದ್ದಿಲು ಮಾರೋಣ ಅಂತೀರೇನು? ಮೊದಲು ಲೆಕ್ಕ ಹಾಕ್ರಿ.

ಕಟ್ಟಿಗೆ ಒಟ್ಟಿ, ಹುಲ್ಲು-ಮಣ್ಣು ಮುಚ್ಚಿ ಸುಡೋ ಹಳೆ ಪದ್ಧತಿಯಲ್ಲಿ 1 ಕೆಜಿ ಇದ್ದಿಲಿಗೆ ಸುಮಾರು 4–5 ಕೆಜಿ ಕಟ್ಟಿಗೆ ಬೇಕು. ಗಾಳಿ ಹೆಚ್ಚು ಹೊಕ್ಕರೆ ಬೂದಿನೇ ಉಳೀತದ. ಅದಕ್ಕೇ ಹಗಲು-ರಾತ್ರಿ ಕಾಯಬೇಕು. ಕಾಯೋ ಮನೆಮಂದಿಯ ಕೂಲಿಯನ್ನೂ ಖರ್ಚಿನಾಗ ಬರೀರಿ.

ಅಂದ್ರ, ಇದ್ದಿಲಿನ ದರ ಕಟ್ಟಿಗೆ ದರದ ಐದು ಪಟ್ಟು ದಾಟಿ, ಮೇಲೆ ಕೂಲಿನೂ ಗಿಟ್ಟಬೇಕು. ಇಲ್ಲಾಂದ್ರ ಕಟ್ಟಿಗೆನೇ ಮಾರ್ರಿ.

ಇನ್ನೊಂದು ಮಾತು. 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಇದ್ದಿಲು ಅರಣ್ಯ ಉತ್ಪನ್ನ, ಸ್ವಂತ ಹೊಲದ್ದಾದರೂ. ಗಾಡಿ ತುಂಬೋ ಮೊದಲು ಅರಣ್ಯ ಇಲಾಖೆ ಕಚೇರಿಯಲ್ಲಿ ಪರವಾನಗಿ ವಿಚಾರಿಸ್ರಿ.