ಆಸ್ಪತ್ರೆಯ ಸಹಾಯಕರ ವಿದ್ಯೆ: ವೆಚ್ಚವೆಷ್ಟು, ವರಮಾನವೆಷ್ಟು?

ಪರೀಕ್ಷೆಯ ಫಲಿತಾಂಶ ಹೊರಬಿದ್ದ ಮೇಲೆ ಎಷ್ಟೋ ಮನೆಗಳಲ್ಲಿ ಒಂದೇ ಯೋಚನೆ. ಮಗನಿಗೋ ಮಗಳಿಗೋ ಡಾಕ್ಟರಿಕೆಗೆ ಬೇಕಾದಷ್ಟು ಅಂಕ ಬಂದಿಲ್ಲ; ಆದರೂ ಆಸ್ಪತ್ರೆಯ ಕೆಲಸದ ಮೇಲೆ ಮನಸ್ಸು. "ಎರಡು ವರ್ಷ ಓದಿದರೆ ಸಾಕಂತೆ, ಕೈತುಂಬ ಸಂಬಳವಂತೆ" ಎಂದು ಯಾರೋ ಹೇಳಿರುತ್ತಾರೆ. ಈ ಅಂತೆಗಳನ್ನು ಬದಿಗಿಟ್ಟು, ಕಾಗದ ಪೆನ್ಸಿಲು ಹಿಡಿದು ಒಂದಿಷ್ಟು ಲೆಕ್ಕ ಹಾಕೋಣ, ಬನ್ನಿ.

ಹಿಂದೆ ಡಾಕ್ಟರ ಬಳಿ ಒಬ್ಬ ಕಾಂಪೌಂಡರ್ ಇದ್ದರೆ ಸಾಕಾಗಿತ್ತು. ಔಷಧ ಬೆರೆಸಿ ಕೊಡುವವರೂ ಅವರೇ, ಗಾಯಕ್ಕೆ ಪಟ್ಟಿ ಕಟ್ಟುವವರೂ ಅವರೇ. ಅಮೆರಿಕದಲ್ಲಿ ಮೆಡಿಕಲ್ ಅಸಿಸ್ಟೆಂಟ್ ಎಂಬುವರು ಹೆಚ್ಚುಕಡಿಮೆ ಇಂಥವರೇ. ನಮ್ಮಲ್ಲಿ ಈಗ ಕೆಲಸ ಹಂಚಿಹೋಗಿದೆ: ರಕ್ತ ಪರೀಕ್ಷೆಗೆ ಒಬ್ಬರು, ಎಕ್ಸ್‌ರೇಗೆ ಒಬ್ಬರು, ಶಸ್ತ್ರಚಿಕಿತ್ಸೆಯ ಕೊಠಡಿಗೆ ಒಬ್ಬರು, ಡಯಾಲಿಸಿಸ್ ಯಂತ್ರಕ್ಕೆ ಮತ್ತೊಬ್ಬರು. ಒಂದೊಂದಕ್ಕೂ ಬೇರೆ ಬೇರೆ ಓದು. ಊರಿನಲ್ಲೇ ಇರಬೇಕೆನ್ನುವವರು ಇದನ್ನು ಗಮನಿಸಬೇಕು. ರಕ್ತ ಪರೀಕ್ಷೆಯ ಸಣ್ಣ ಪ್ರಯೋಗಶಾಲೆ ಹೊಳೆನರಸೀಪುರದಲ್ಲೂ ಉಂಟು, ಚನ್ನರಾಯಪಟ್ಟಣದಲ್ಲೂ ಉಂಟು. ಶಸ್ತ್ರಚಿಕಿತ್ಸೆಯ ಕೊಠಡಿಯ ಕೆಲಸಕ್ಕೆ ದೊಡ್ಡ ಆಸ್ಪತ್ರೆಯೇ ಬೇಕು.

ಓದಿನ ಅವಧಿ ಎಷ್ಟು? ಪಿ.ಯು.ಸಿ. ವಿಜ್ಞಾನದ ನಂತರ ಎರಡು ವರ್ಷ, ಎಸ್.ಎಸ್.ಎಲ್.ಸಿ. ನಂತರವಾದರೆ ಮೂರು ವರ್ಷ, ಇದು ಡಿಪ್ಲೊಮಾಕ್ಕೆ ಬಹುಕಾಲ ನಡೆದುಬಂದ ಕ್ರಮ. ಪದವಿಯಾದರೆ ಮೂರು ವರ್ಷ ಓದು, ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ. 2021ರಲ್ಲಿ ಕೇಂದ್ರ ಸರ್ಕಾರ ಇಂಥ ವೃತ್ತಿಗಳಿಗೆಂದೇ ಒಂದು ಕಾಯಿದೆ ತಂದಿತು. ಅದರ ಪ್ರಕಾರ ಸಹಾಯಕ ವೃತ್ತಿಗೂ ಕನಿಷ್ಠ 2,000 ಗಂಟೆಗಳ ಶಿಕ್ಷಣ ಆಗಬೇಕು, ಅದೂ ಎರಡರಿಂದ ನಾಲ್ಕು ವರ್ಷದ ಅವಧಿಯಲ್ಲಿ. ಹೀಗಿರುವಾಗ ಆರು ತಿಂಗಳಲ್ಲಿ ಸರ್ಟಿಫಿಕೇಟು ಕೊಡುತ್ತೇವೆನ್ನುವ ಫಲಕಗಳನ್ನು ನಂಬಿ ಹಣ ಕಟ್ಟುವುದು ಹೇಗೆ? ಕಡಿಮೆ ಶುಲ್ಕದ ಆ ಸರ್ಟಿಫಿಕೇಟೇ ಎಲ್ಲಕ್ಕಿಂತ ದುಬಾರಿಯಾದೀತು.

ಈಗ ವೆಚ್ಚಕ್ಕೆ ಬರೋಣ. ರಸೀತಿಯಲ್ಲಿ ಬರೆದ ಶುಲ್ಕ ಎಲ್ಲರ ಕಣ್ಣಿಗೂ ಬೀಳುತ್ತದೆ. ಆ ಶುಲ್ಕ ಯಾವ ತಿಂಗಳಿನಲ್ಲಿ ಕಟ್ಟಬೇಕು ಎಂಬುದನ್ನು ಕೇಳುವವರು ಕಡಿಮೆ. ಅರಕಲಗೂಡು ಸೀಮೆಯ ಹೊಗೆಸೊಪ್ಪಿನ ಬೆಳೆಗಾರರಿಗೆ ದುಡ್ಡು ಬರುವುದು ರಾಮನಾಥಪುರದಲ್ಲಿ ಹರಾಜು ನಡೆದ ಮೇಲೆ. ಅದಕ್ಕೆ ಮೊದಲೇ ಕಂತು ಬಂತೆಂದರೆ ಕೈಸಾಲ, ಕೈಸಾಲಕ್ಕೆ ಬಡ್ಡಿ. ಅದೂ ಓದಿನ ವೆಚ್ಚವೇ ತಾನೆ?

ಇನ್ನು ವಸತಿ. ಹೊಳೆನರಸೀಪುರ ಮೈಸೂರು ರೈಲುದಾರಿಯಲ್ಲಿದೆ. 2017ರಲ್ಲಿ ಬೆಂಗಳೂರಿನ ನೇರದಾರಿ ಪೂರ್ಣವಾದ ಮೇಲೆ ಚನ್ನರಾಯಪಟ್ಟಣದಿಂದಲೂ ಹಾಸನಕ್ಕೆ ರೈಲಿನಲ್ಲಿ ಹೋಗಿಬರಬಹುದು. ಅರಕಲಗೂಡಿಗೆ ಬಸ್ಸೇ ಗತಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸಾರಿಗೆ ಬಸ್ಸಿನ ಖರ್ಚು ಉಳಿಯಿತು. ಗಂಡುಮಕ್ಕಳು ಪಾಸು ಮಾಡಿಸಿಕೊಳ್ಳಬೇಕು. ಹೇಗಿದ್ದರೂ ಮನೆಯ ಮುದ್ದೆ ತಿಂದು ಹಾಸನಕ್ಕೆ ಹೋಗಿಬರುವವರಿಗೂ ಬೆಂಗಳೂರಿನ ಹಾಸ್ಟೆಲಿನಲ್ಲಿರುವವರಿಗೂ ವೆಚ್ಚದಲ್ಲಿ ಅಜಗಜಾಂತರ. ಆದ್ದರಿಂದ 2006ರಲ್ಲಿ ಆರಂಭವಾದ ಹಾಸನದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮೊದಲು ವಿಚಾರಿಸಿ, ಆಮೇಲೆ ಬೇರೆ ಕಡೆ ನೋಡಿ.

ಸಾಲ ಮಾಡಿ ಓದಿಸುವುದಾದರೆ ಒಂದು ಉದಾಹರಣೆ ತೆಗೆದುಕೊಳ್ಳಿ. ಎರಡು ವರ್ಷದ ಓದಿಗೆ ವರ್ಷಕ್ಕೆ ಒಂದು ಲಕ್ಷದಂತೆ ಬ್ಯಾಂಕು ಸಾಲ ಕೊಟ್ಟಿತೆನ್ನಿ, ಬಡ್ಡಿ ನೂರಕ್ಕೆ ಹತ್ತು. ಓದು ಮುಗಿದು ಒಂದು ವರ್ಷದ ಮೇಲೆ ಕಂತು ಶುರು. ಅಷ್ಟು ಹೊತ್ತಿಗೆ ಎರಡು ಲಕ್ಷ ಎರಡೂವರೆ ಆಗಿರುತ್ತದೆ. ಐದು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 5,300 ರೂಪಾಯಿ. ಬೆಂಗಳೂರಿನಲ್ಲಿ 15,000 ಸಂಬಳವೆಂದುಕೊಳ್ಳಿ. ಕೊಠಡಿಗೂ ಊಟಕ್ಕೂ 9,000 ಹೋದರೆ ಉಳಿಯುವುದು 700. ಊರ ಕಡೆ 11,000ವೇ ಸಿಕ್ಕಿ, ಓಡಾಟಕ್ಕೆ 1,500 ಹೋದರೂ 4,200 ಉಳಿದೀತು. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು. ನಿಮ್ಮ ಅಂಕಿಗಳನ್ನು ನೀವೇ ಹಾಕಿ ನೋಡಿ.

ಪದವಿಯೋ ಡಿಪ್ಲೊಮಾವೋ ಎಂಬ ಪ್ರಶ್ನೆಯಲ್ಲಿ ಎಲ್ಲರೂ ಮರೆಯುವ ಬಾಬತ್ತೊಂದಿದೆ: ದುಡಿಯದೆ ಕಳೆದ ವರ್ಷಗಳು. ಪಿ.ಯು.ಸಿ. ಮುಗಿಸಿದವರಿಗೆ ಪದವಿಯೆಂದರೆ ಎರಡು ವರ್ಷ ಹೆಚ್ಚು. ಡಿಪ್ಲೊಮಾದವರು ಆ ಅವಧಿಯಲ್ಲಿ ತಿಂಗಳಿಗೆ 12,000 ದುಡಿದರೆ 2,88,000 ಆಯಿತು. ಪದವೀಧರರಿಗೆ ತಿಂಗಳಿಗೆ 3,000 ಹೆಚ್ಚು ಸಿಕ್ಕರೂ ಅದನ್ನು ಸರಿದೂಗಿಸಲು ಎಂಟು ವರ್ಷ ಬೇಕು, ಶುಲ್ಕದ ಮಾತು ಬೇರೆ. ಹಾಗೆಂದ ಮಾತ್ರಕ್ಕೆ ಪದವಿ ಬೇಡವೆಂದಲ್ಲ. ಮುಂದೆ ಎಂ.ಎಸ್ಸಿ. ಓದಿ ಪಾಠ ಹೇಳುವ ಆಸೆ ಇದ್ದವರಿಗೆ ಪದವಿಯೇ ಮೆಟ್ಟಿಲು. ಮನೆಯ ಸಾಲ ತೀರಿಸಬೇಕಾದ ಹಿರಿಮಗನಿಗೆ ಮಾತ್ರ ನಾನು ಡಿಪ್ಲೊಮಾವನ್ನೇ ಹೇಳುತ್ತೇನೆ.

ಸರ್ಕಾರಿ ಸಂಬಳದ ಆಸೆ ತೋರಿಸುವವರೂ ಇದ್ದಾರೆ. ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ 2024ರ ಆಗಸ್ಟ್‌ನಲ್ಲಿ 27,000 ಆದದ್ದು ನಿಜ. ಅದು ಕಾಯಂ ನೌಕರರಿಗೆ. ಅದೇ ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುವವರ ಸಂಬಳ ಬೇರೆ.

ಕಾಲೇಜಿಗೆ ಹಣ ಕಟ್ಟುವ ಮುನ್ನ ಮೂರು ಮಾತು ಕೇಳಿ. ಈ ವರ್ಷದ ಮಾನ್ಯತೆಯ ಪತ್ರ ತೋರಿಸುವಿರಾ? ತರಬೇತಿ ಯಾವ ಆಸ್ಪತ್ರೆಯಲ್ಲಿ? ಹೋದ ವರ್ಷ ಓದು ಮುಗಿಸಿದವರು ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ, ಒಂದು ಭಾನುವಾರ ಅವರ ಮನೆಗೇ ಹೋಗಿ ಮಾತನಾಡಿಸಿಕೊಂಡು ಬನ್ನಿ.